ಆಸ್ಪತ್ರೆಯಲ್ಲಿ ಮೂತ್ರ ತಡೆಯಲಾಗದ ರೋಗಿ: ಪಾಟ್, ಡೈಪರ್, ಕಾಂಡೋಮ್ ಕ್ಯಾಥೆಟರ್, ಫೋಲಿ ನಳಿಕೆ – ಯಾವುದು ಯಾರಿಗೆ?

ಮಂಗಳೂರು, ಮಣಿಪಾಲ, ಉಡುಪಿಯ ಆಸ್ಪತ್ರೆಗಳಲ್ಲಿ ವಯಸ್ಸಾದವರ ಜೊತೆಗೆ ನಿಲ್ಲುವವರು ದಾಖಲಾದ ಮೊದಲೆರಡು ರಾತ್ರಿಗಳಲ್ಲೇ ಒದ್ದೆಯಾದ ಹಾಸಿಗೆಯನ್ನು ಎದುರಿಸಬೇಕಾಗಿ ಬರುವುದು ಸಾಮಾನ್ಯ. ಕೆಳಗಿನ ಮೆಡಿಕಲ್‌ನಿಂದ ಡೈಪರ್ ತರುವುದು ಅಥವಾ ಸಿಸ್ಟರ್‌ಗೆ ಹೇಳಿ ಮೂತ್ರದ ಟ್ಯೂಬ್ ಹಾಕಿಸುವುದು ಎಂಬ ಎರಡೇ ದಾರಿಗಳು ಆ ಹೊತ್ತಿಗೆ ಹೊಳೆಯುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೊಲ್ಲಿಯಲ್ಲೋ ಇದ್ದು, ಊರಿನಲ್ಲಿರುವ ಒಬ್ಬ ಸೊಸೆಯೋ ಸಂಬಳದ ಹೋಂ ನರ್ಸೋ ರಾತ್ರಿ ನಿಲ್ಲುವ ನಮ್ಮ ಕರಾವಳಿಯ ಮನೆಗಳಲ್ಲಿ, ಈ ತೀರ್ಮಾನ ಎಷ್ಟೋ ಸಲ ಫೋನಿನಲ್ಲೇ ಆಗಿಬಿಡುತ್ತದೆ. ಡೈಪರ್‌ಗೂ ಟ್ಯೂಬಿಗೂ ಅವುಗಳದೇ ಆದ ಸ್ಥಾನವಿದೆ. ಆದರೆ ಹೆಚ್ಚಿನ ರೋಗಿಗಳ ಮಟ್ಟಿಗೆ ಇವು ಮೊದಲ ಆಯ್ಕೆಗಳಲ್ಲ. ರೋಗಿ ಏನನ್ನು ತಾನೇ ಮಾಡಬಲ್ಲರು ಮತ್ತು ಮೂತ್ರ ಯಾಕೆ ಸೋರುತ್ತಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಸಾಧನವನ್ನು ಆರಿಸಿದರೆ, ಆಸ್ಪತ್ರೆಗೆ ನಡೆದುಕೊಂಡು ಬಂದ ವ್ಯಕ್ತಿ ಮನೆಗೂ ನಡೆದುಕೊಂಡೇ ಹೋಗುವ ಸಾಧ್ಯತೆ ಹೆಚ್ಚುತ್ತದೆ.

ಮೊದಲು ಕಾರಣ

ಮನೆಯಲ್ಲಿ ಸರಿಯಾಗಿ ಶೌಚಾಲಯಕ್ಕೆ ಹೋಗುತ್ತಿದ್ದವರಿಗೆ ಆಸ್ಪತ್ರೆಯಲ್ಲಿ ಹೊಸದಾಗಿ ಮೂತ್ರ ಸೋರತೊಡಗಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಬಾರದು. ಮೂತ್ರನಾಳದ ಸೋಂಕು, ಜ್ವರದಿಂದಲೋ ಔಷಧದಿಂದಲೋ ಉಂಟಾದ ದಿಢೀರ್ ಗೊಂದಲ, ಏರಿದ ಸಕ್ಕರೆ, ದಿನಗಟ್ಟಲೆ ಕಟ್ಟಿಕೊಂಡ ಮಲ, ಮಂಚದಿಂದ ಇಳಿಯಲಾಗದ ನೋವು, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು ಮತ್ತು ಇವೆಲ್ಲವನ್ನೂ ಸರಿಪಡಿಸಲು ಸಾಧ್ಯವಿದೆ. ಅದರಲ್ಲಿಯೂ ಮಲಬದ್ಧತೆಯನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮೂಳೆ ಮುರಿದು ಟ್ರಮಡಾಲ್‌ನಂತಹ ನೋವಿನ ಔಷಧ ಪಡೆಯುತ್ತಿರುವವರಿಗೆ ನಾಲ್ಕೈದು ದಿನ ಮಲವಿಸರ್ಜನೆ ಆಗದೇ ಇದ್ದರೆ, ಗಟ್ಟಿಯಾದ ಮಲ ಮೂತ್ರಕೋಶವನ್ನು ಒತ್ತಿ, ಒಂದೋ ಮೂತ್ರ ಕಟ್ಟುತ್ತದೆ, ಇಲ್ಲವೇ ಸೋರುತ್ತದೆ.

ಔಷಧಗಳ ಚೀಟಿಯನ್ನೂ ಈ ದೃಷ್ಟಿಯಿಂದ ಒಮ್ಮೆ ಓದಬೇಕು. ಹೃದಯದ ತೊಂದರೆ ಅಥವಾ ಕಾಲಿನ ಊತಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಲೇಸಿಕ್ಸ್ ಮಾತ್ರೆಯ ಪರಿಣಾಮ ನುಂಗಿದ ಒಂದು ಗಂಟೆಯೊಳಗೆ ಆರಂಭವಾಗಿ, ಒಂದೆರಡು ಗಂಟೆಯಲ್ಲಿ ಜೋರಾಗಿ, 6ರಿಂದ 8 ಗಂಟೆಗಳವರೆಗೆ ಉಳಿಯುತ್ತದೆ. ಅದನ್ನೇ ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರೆ ಐದು ನಿಮಿಷದಲ್ಲೇ ಮೂತ್ರ ಹೆಚ್ಚತೊಡಗುತ್ತದೆ. ದಿನಕ್ಕೆ ಎರಡು ಹೊತ್ತು ಕೊಡುವುದಾದರೆ ಎರಡನೆಯದನ್ನು ರಾತ್ರಿ ಎಂಟಕ್ಕೆ ಬದಲಾಗಿ ಮಧ್ಯಾಹ್ನವೇ ಕೊಡಬಹುದೇ ಎಂದು ವೈದ್ಯರಲ್ಲಿ ಕೇಳುವುದರಲ್ಲಿ ತಪ್ಪಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಮೂತ್ರವೂ ಹೆಚ್ಚುತ್ತದೆ. ನಿದ್ರೆಯ ಮಾತ್ರೆ ಎಚ್ಚರವಾಗಲು ಬಿಡುವುದಿಲ್ಲ. ಶೀತಕ್ಕೆ ಕೊಡುವ ಹಳೆಯ ಕಾಲದ ಅಲರ್ಜಿ ಮಾತ್ರೆಗಳು ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸರಲ್ಲಿ ಮೂತ್ರ ಕಟ್ಟುವಂತೆ ಮಾಡುತ್ತವೆ. ಇಷ್ಟಲ್ಲದೆ, ರಾತ್ರಿ ಒಂಬತ್ತಕ್ಕೆ ಹಾಕಿದ ಡ್ರಿಪ್ ಗಂಟೆಗೆ 100 ಮಿ.ಲೀ.ಯಂತೆ ಬೆಳಗಿನ ಏಳರವರೆಗೆ ಹೋದರೆ ಒಂದು ಲೀಟರ್ ನೀರು ನಿದ್ರೆಯಲ್ಲೇ ದೇಹ ಸೇರಿರುತ್ತದೆ. ರೋಗಿ ಸಂಜೆ ಎರಡು ಲೋಟ ಗಂಜಿ ತಿಳಿ ಕುಡಿಯುವಷ್ಟು ಚೇತರಿಸಿಕೊಂಡಿದ್ದರೆ ಆ ಡ್ರಿಪ್ ಇನ್ನೂ ಬೇಕೇ ಎಂದು ವಿಚಾರಿಸಬಹುದು. ಎಷ್ಟೋ ಬಾರಿ ಉತ್ತರ ಬೇಡವೆಂದೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು, ಸೋರುವ ಮೂತ್ರ ಖಾಲಿಯಾಗುವ ಮೂತ್ರಕೋಶದಿಂದ ಬರುತ್ತಿದೆಯೋ, ತುಂಬಿದ ಕೊಡ ತುಳುಕುವಂತೆ ಖಾಲಿಯಾಗದ ಮೂತ್ರಕೋಶದಿಂದ ಹೊರಚೆಲ್ಲುತ್ತಿದೆಯೋ ಎಂಬುದು. ಎರಡನೆಯದರಲ್ಲಿ ಹನಿಹನಿಯಾಗಿ ಸದಾ ಸೋರುತ್ತಿರುತ್ತದೆ, ಹೊಕ್ಕುಳ ಕೆಳಗೆ ಬಿಗಿದಂತಿರುತ್ತದೆ, ರೋಗಿ ಚಡಪಡಿಸುತ್ತಾರೆ; ಹೊರಗಿನಿಂದ ನೋಡುವವರಿಗೆ ಮಾತ್ರ ಮೂತ್ರ ಹೋಗುತ್ತಲೇ ಇದೆ ಎನ್ನಿಸುತ್ತದೆ. ಮೂತ್ರ ಮಾಡಿದ ಕೂಡಲೇ ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿ ಒಳಗೆ ಎಷ್ಟು ಉಳಿದಿದೆ ಎಂದು ಅಳೆಯುವುದು ನೋವಿಲ್ಲದ, ಕೆಲವೇ ನಿಮಿಷಗಳ ಕೆಲಸ. 50 ಮಿ.ಲೀ.ಗಿಂತ ಕಡಿಮೆ ಉಳಿದರೆ ಚಿಂತೆಯಿಲ್ಲ, 200 ಮಿ.ಲೀ. ದಾಟಿದರೆ ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿಲ್ಲ ಎಂದರ್ಥ. ಈ ಒಂದು ಅಳತೆ ಮುಂದಿನ ಆಯ್ಕೆಯನ್ನೇ ತಿರುಗಿಸಿಬಿಡುತ್ತದೆ. ಒಳಗೆ ಮೂತ್ರ ಕಟ್ಟಿರುವವರಿಗೆ ಡೈಪರ್ ತೊಡಿಸುವುದೆಂದರೆ ಕಾಯಿಲೆಯನ್ನು ಮುಚ್ಚಿಡುವುದು.

ಇನ್ನೊಂದು ಎಚ್ಚರಿಕೆ: ಸೊಂಟ ನೋವಿರುವ ರೋಗಿಗೆ ಕಾಲುಗಳ ಬಲ ಕುಂದಿ, ತೊಡೆಸಂದು ಮತ್ತು ಗುದದ್ವಾರದ ಸುತ್ತ ಸ್ಪರ್ಶ ಮರಗಟ್ಟಿ, ಜೊತೆಗೆ ಮೂತ್ರದ ಹಿಡಿತವೂ ತಪ್ಪಿದರೆ ಅದು ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿರುವ ಸೂಚನೆಯಾಗಿರಬಹುದು. ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆ ಕ್ಷಣವೇ ವೈದ್ಯರನ್ನು ಕರೆಯಬೇಕು.

ಶೌಚಾಲಯ, ಕಮೋಡ್ ಕುರ್ಚಿ, ಪಾಟ್

ಎದ್ದು ನಿಲ್ಲಬಲ್ಲ ಯಾವ ರೋಗಿಗಾದರೂ ಮೊದಲ ಆಯ್ಕೆ ಇದೇ. ಕೇಳಿದಾಗ ಕರೆದೊಯ್ಯುವುದಕ್ಕಿಂತ ಹೊತ್ತು ನೋಡಿ ಕರೆದೊಯ್ಯುವುದು ಉತ್ತಮ. ಹಗಲಿನಲ್ಲಿ ಸುಮಾರು ಎರಡು ಗಂಟೆಗೊಮ್ಮೆ, ಎದ್ದ ಕೂಡಲೇ, ಊಟ ಕಾಫಿಗಳ ನಂತರ, ಲೇಸಿಕ್ಸ್ ಕೊಟ್ಟು ಮುಕ್ಕಾಲು ಗಂಟೆಯೊಳಗೆ, ಮಲಗುವ ಮುನ್ನ, ಹೀಗೆ ಕ್ರಮ ಇಟ್ಟುಕೊಂಡರೆ ಹಗಲು ಬಟ್ಟೆ ಒದ್ದೆಯಾಗುವುದು ಬಹಳಷ್ಟು ಕಡಿಮೆಯಾಗುತ್ತದೆ. ಎರಡು ಮೂರು ದಿನ ಯಾವ ಹೊತ್ತಿಗೆ ಎಷ್ಟು ಮೂತ್ರ ಹೋಯಿತು, ಯಾವಾಗ ಸೋರಿತು ಎಂದು ಒಂದು ಕಾಗದದಲ್ಲಿ ಬರೆದಿಟ್ಟರೆ ರೋಗಿಯ ಕ್ರಮ ತಾನಾಗಿ ಗೊತ್ತಾಗುತ್ತದೆ. ಸಂಕೋಚದಿಂದ ಬಾಯಿಬಿಡದ ಹಿರಿಯರ ಬಳಿ "ಮೂತ್ರ ಬಂತಾ?" ಎಂದು ನಾಲ್ಕು ಜನರ ಮುಂದೆ ಕೇಳುವುದಕ್ಕಿಂತ "ಮಾವ, ಒಮ್ಮೆ ಹೋಗಿ ಬರುವನಾ?" ಎಂದರೆ ಅವರು ಎದ್ದು ಕೂರುತ್ತಾರೆ. ಗೊಂದಲದಲ್ಲಿರುವ ರೋಗಿಗಳು ಹೆಚ್ಚಾಗಿ ಮನೆಮಾತಿಗೆ ಮರಳುತ್ತಾರೆ. ತುಳು, ಕೊಂಕಣಿ ಅಥವಾ ಬ್ಯಾರಿ ಭಾಷೆಯಲ್ಲಿ ಅವರು ಇದನ್ನು ಹೇಗೆ ಕೇಳುತ್ತಾರೆ ಎಂಬುದನ್ನು ಕೇರಳದಿಂದ ಬಂದ ಸಿಸ್ಟರ್‌ಗೆ ಮೊದಲೇ ಹೇಳಿಟ್ಟರೆ ಒಂದು ಕರೆಯೂ ವ್ಯರ್ಥವಾಗುವುದಿಲ್ಲ.

ಈ ಆಯ್ಕೆಯ ಅಪಾಯ ಒಂದೇ, ಬೀಳುವುದು. ಆಸ್ಪತ್ರೆಯಲ್ಲಿ ಆಗುವ ಬೀಳುವಿಕೆಗಳಲ್ಲಿ ದೊಡ್ಡ ಪಾಲು ಶೌಚಾಲಯಕ್ಕೆ ಹೋಗುವ, ಬರುವ ದಾರಿಯಲ್ಲೇ ಸಂಭವಿಸುತ್ತದೆ. ಮಲಗಿದವರನ್ನು ಎಬ್ಬಿಸಿದ ಕೂಡಲೇ ನಡೆಸಬಾರದು. ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂರಿಸಿ, ತಲೆ ತಿರುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಲ್ಲಿಸಬೇಕು. ಸವೆದ ಹವಾಯಿ ಚಪ್ಪಲಿ, ಕಾಲಿಗೆ ತೊಡರುವ ಲುಂಗಿ, ಯಾರೋ ಸ್ನಾನ ಮಾಡಿ ಹೋದ ಒದ್ದೆ ನೆಲ, ಈ ಮೂರೂ ಸೇರಿದಲ್ಲಿ ಸೊಂಟದ ಮೂಳೆಗೆ ಉಳಿಗಾಲವಿಲ್ಲ.

ಶೌಚಾಲಯ ದೂರವಿದ್ದರೆ ಮಂಚದ ಪಕ್ಕಕ್ಕೆ ತರುವ, ಆಸನದ ಕೆಳಗೆ ಪಾತ್ರೆಯಿರುವ ಕಮೋಡ್ ಕುರ್ಚಿ ನನ್ನ ದೃಷ್ಟಿಯಲ್ಲಿ ಈ ಪಟ್ಟಿಯಲ್ಲೇ ಅತ್ಯಂತ ಉಪೇಕ್ಷೆಗೊಳಗಾದ ಸಾಧನ. ರೋಗಿ ಕುಳಿತ ಭಂಗಿಯಲ್ಲೇ ಮೂತ್ರ ಮಾಡುವುದರಿಂದ ಮೂತ್ರಕೋಶ ಚೆನ್ನಾಗಿ ಖಾಲಿಯಾಗುತ್ತದೆ, ಎರಡು ಹೆಜ್ಜೆಯಾದರೂ ಇಟ್ಟಂತಾಗುತ್ತದೆ. ಜನರಲ್ ವಾರ್ಡಿನಲ್ಲಿ ಪರದೆ ಎಳೆಯಲು ಆಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಕುರ್ಚಿಯ ಚಕ್ರಗಳಿಗೆ ಲಾಕ್ ಇರಬೇಕು.

ಎದ್ದು ನಿಲ್ಲಲಾಗದ, ಆದರೆ ಹೇಳಬಲ್ಲ ಗಂಡಸರಿಗೆ ಮಲಗಿದಲ್ಲೇ ಮೂತ್ರ ಹಿಡಿಯುವ ಬಾಟಲಿಯಂತಹ ಯೂರಿನ್ ಪಾಟ್ ಸಾಕು. ರಾತ್ರಿ ಕೈಗೆಟುಕುವಲ್ಲಿ, ರೇಲಿಂಗ್‌ಗೆ ಸಿಕ್ಕಿಸಿಟ್ಟರೆ ಯಾರನ್ನೂ ಎಬ್ಬಿಸುವ ಸಂಕೋಚವೂ ಅವರಿಗಿರುವುದಿಲ್ಲ. ಮಲಗಿಕೊಂಡು ಮೂತ್ರ ಬಾರದವರನ್ನು ಮಗ್ಗುಲಿಗೆ ತಿರುಗಿಸಿ ಅಥವಾ ಆಸರೆ ಕೊಟ್ಟು ಮಂಚದ ಅಂಚಿನಲ್ಲಿ ಕೂರಿಸಿ ನೋಡಬೇಕು; ಪ್ರಾಸ್ಟೇಟ್ ದೊಡ್ಡದಾಗಿರುವವರಿಗೆ ಅಷ್ಟರಿಂದಲೇ ಧಾರೆ ಶುರುವಾಗುವುದುಂಟು. ಹೆಂಗಸರಿಗೆ ಬೆಡ್‌ಪ್ಯಾನ್ ಕೊಡುವಾಗ ತಲೆಯ ಭಾಗವನ್ನು ಎತ್ತರಿಸಿದರೆ ಅನುಕೂಲ. ಸೊಂಟದ ಶಸ್ತ್ರಚಿಕಿತ್ಸೆ ಆದವರಿಗೆ ತಗ್ಗಾದ ಬೆಡ್‌ಪ್ಯಾನ್ ಸಿಗುತ್ತದೆಯೇ ಎಂದು ಕೇಳಬೇಕು. ಬೆಡ್‌ಪ್ಯಾನ್ ಇಟ್ಟು ಮರೆತುಹೋಗುವುದು ಮಾತ್ರ ಕೂಡದು, ಅದರ ಅಂಚು ಬೆನ್ನಿನ ಕೆಳಭಾಗದ ಚರ್ಮವನ್ನು ಬೇಗ ಗಾಯಗೊಳಿಸುತ್ತದೆ.

ಒದ್ದೆಯಾಗುತ್ತದೆಂಬ ಹೆದರಿಕೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸುವ ಹಿರಿಯರನ್ನು ಎಲ್ಲ ವಾರ್ಡುಗಳಲ್ಲೂ ಕಾಣಬಹುದು. ಇದು ತಿರುಗುಬಾಣವಾಗುತ್ತದೆ. ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗುತ್ತದೆ, ಗೊಂದಲ ಹೆಚ್ಚುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕಾಗಿ ವೈದ್ಯರು ಮಿತಿ ಹಾಕದಿದ್ದರೆ ಹಗಲಿನಲ್ಲಿ ಧಾರಾಳವಾಗಿ ಕುಡಿಸಿ, ಸಂಜೆಯ ಬಳಿಕ ಚಹಾ ಕಾಫಿಗಳನ್ನು ಕಡಿಮೆ ಮಾಡಿದರೆ ಸಾಕು. ನೋಡಲು ಬಂದವರೆಲ್ಲ ಸೀಯಾಳ ತರುವುದು ನಮ್ಮ ಕಡೆಯ ವಾಡಿಕೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೆ ಮತ್ತು ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪಿರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಡೈಪರ್ ಮತ್ತು ಅಂಡರ್‌ಪ್ಯಾಡ್

ಎಚ್ಚರವಿಲ್ಲದ, ತೀವ್ರ ಮರೆವಿನ ಕಾಯಿಲೆಯ, ಬಂದದ್ದು ಗೊತ್ತೇ ಆಗದ ರೋಗಿಗಳಿಗೆ ಡೈಪರ್ ಸರಿಯಾದ ಆಯ್ಕೆ. ಎಂ.ಆರ್.ಐ.ಗೆ ಕರೆದೊಯ್ಯುವಾಗ ಅಥವಾ ರಾತ್ರಿಯ ಹೊತ್ತಿಗೆ ಬೇರೆಯವರಿಗೂ ಉಪಯುಕ್ತ. ಆದರೆ ಹೇಳಬಲ್ಲವರಿಗೆ, ನಡೆಯಬಲ್ಲವರಿಗೆ, ಕೇವಲ ಜೊತೆಗಿರುವವರ ಅನುಕೂಲಕ್ಕಾಗಿ ಹಗಲು ರಾತ್ರಿ ಡೈಪರ್ ತೊಡಿಸಿ, "ಅದರಲ್ಲೇ ಮಾಡಿ, ಪರವಾಗಿಲ್ಲ" ಎನ್ನುವುದನ್ನು ನಾನು ಒಪ್ಪುವುದಿಲ್ಲ. ಏಳುವ ಅಗತ್ಯವೇ ಇಲ್ಲವಾದಾಗ ಕಾಲುಗಳ ಶಕ್ತಿ ಕುಂದುತ್ತದೆ, ತಡೆದುಕೊಳ್ಳುವ ಅಭ್ಯಾಸ ತಪ್ಪುತ್ತದೆ. ತಾತ್ಕಾಲಿಕವಾಗಿ ತೊಡಿಸಿದ್ದು ಮನೆಗೆ ಹೋದ ಮೇಲೂ ಉಳಿದುಬಿಡುತ್ತದೆ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಚಡ್ಡಿಯಂತೆ ಎಳೆದುಕೊಳ್ಳುವ ಪ್ಯಾಂಟ್ ಮಾದರಿ ನಡೆದಾಡುವವರಿಗೆ ಯೋಗ್ಯ. ಶೌಚಾಲಯದಲ್ಲಿ ಇಳಿಸಿ, ಒದ್ದೆಯಾಗಿರದಿದ್ದರೆ ಮತ್ತೆ ಏರಿಸಬಹುದು. ಮಲಗಿಕೊಂಡೇ ಇರುವವರಿಗೆ ಅದನ್ನು ತೊಡಿಸಲು ಎರಡೂ ಕಾಲುಗಳನ್ನು ಎತ್ತಬೇಕಾಗುತ್ತದೆ, ಆದ್ದರಿಂದ ಬದಿಯಲ್ಲಿ ಅಂಟುಪಟ್ಟಿ ಇರುವ ಮಾದರಿಯನ್ನು ಕೊಳ್ಳಬೇಕು. ಮಗ್ಗುಲಿಗೆ ಹೊರಳಿಸಿ ಬದಲಾಯಿಸಬಹುದು, ಬಿಚ್ಚಿ ಪರೀಕ್ಷಿಸಿ ಪುನಃ ಅಂಟಿಸಬಹುದು. ಎಂ, ಎಲ್, ಎಕ್ಸ್‌ಎಲ್ ಎಂಬ ಅಳತೆಗಳು ಸೊಂಟದ ಸುತ್ತಳತೆಗೆ ಸಂಬಂಧಿಸಿದವೇ ಹೊರತು ಹೀರುವ ಶಕ್ತಿಗಲ್ಲ. ದೊಡ್ಡದನ್ನು ತಂದರೆ ಹೆಚ್ಚು ಹಿಡಿಯುತ್ತದೆ ಎಂದು ಭಾವಿಸಿ ತಂದವರು ತೊಡೆಯ ಸಂದಿಯಿಂದ ಸೋರುವುದನ್ನು ನೋಡುತ್ತಾರೆ. ಒಂದರ ಮೇಲೊಂದು ಎರಡು ತೊಡಿಸಿದರೂ ಪ್ರಯೋಜನವಿಲ್ಲ, ಒಳಗಿನದರ ಹೊರಪದರ ನೀರನ್ನು ಮುಂದಕ್ಕೆ ಬಿಡುವುದಿಲ್ಲ, ಸೆಕೆ ಮಾತ್ರ ಇಮ್ಮಡಿಯಾಗುತ್ತದೆ. ಗಂಡಸರಿಗೆ ತೊಡಿಸುವಾಗ ಶಿಶ್ನ ಕೆಳಮುಖವಾಗಿರುವಂತೆ ನೋಡಿಕೊಂಡರೆ ಹೊಟ್ಟೆಯ ಕಡೆಯಿಂದ ಸೋರುವುದು ತಪ್ಪುತ್ತದೆ.

ಕರಾವಳಿಯ ಹವೆಯಲ್ಲಿ ಚರ್ಮದ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬರೀ ಬೆವರಿನಿಂದಲೇ ತೊಡೆಸಂದು ಒದ್ದೆಯಾಗಿರುತ್ತದೆ; ಮಳೆಗಾಲದಲ್ಲಿ ಒಗೆದ ಹತ್ತಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಇದರ ಜೊತೆಗೆ ಮೂತ್ರ ನಿಂತರೆ ಚರ್ಮ ಕೆಂಪಾಗಿ, ಉರಿದು, ಸಿಪ್ಪೆ ಏಳುತ್ತದೆ, ಶಿಲೀಂಧ್ರದ ಸೋಂಕೂ ಸೇರಿಕೊಳ್ಳುತ್ತದೆ. ಎರಡು ಮೂರು ಗಂಟೆಗೊಮ್ಮೆ ಬಿಚ್ಚಿ ನೋಡುವುದು, ಮಲವಾಗಿದ್ದರೆ ಒಂದು ಕ್ಷಣವೂ ತಡಮಾಡದೆ ಬದಲಾಯಿಸುವುದು, ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸುವುದು, ಒರಟಾಗಿ ಉಜ್ಜದೆ ಮೆತ್ತನೆಯ ಬೈರಾಸಿನಿಂದ ಒತ್ತಿ ಒಣಗಿಸುವುದು, ನಂತರ ಜಿಂಕ್ ಆಕ್ಸೈಡ್ ಅಥವಾ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರುವುದು, ಇಷ್ಟನ್ನು ತಪ್ಪದೆ ಮಾಡಬೇಕು. ದಪ್ಪಗೆ ಮೆತ್ತಿದರೆ ಕ್ರೀಮು ಡೈಪರಿಗೆ ಅಂಟಿ ಅದರ ಹೀರುವ ಶಕ್ತಿಯನ್ನೇ ಕುಂದಿಸುತ್ತದೆ. ಪೌಡರ್ ಬೇಡ, ಒದ್ದೆಯಲ್ಲಿ ಅದು ಉಂಡೆಕಟ್ಟಿ ಚರ್ಮವನ್ನು ಕೊರೆಯುತ್ತದೆ. ಬಾಲಮೂಳೆಯ ಮೇಲೆ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಕಲೆ ಕಂಡರೆ ಅದು ಮೂತ್ರದಿಂದ ಆದದ್ದಲ್ಲ, ಒತ್ತಡದ ಗಾಯದ ಆರಂಭ; ಅದನ್ನು ಸಿಸ್ಟರ್‌ಗೆ ತೋರಿಸಲೇಬೇಕು.

ಮಲಗಿರುವ ರೋಗಿಗೆ ರಾತ್ರಿ ಡೈಪರನ್ನು ಬಿಗಿಯದೆ, ಹಾಸಿಗೆಯ ಮೇಲೆ ಮೂತ್ರ ಹೀರಿಕೊಳ್ಳುವ ಅಂಡರ್‌ಪ್ಯಾಡ್ ಹಾಸಿ ಸಡಿಲವಾದ ಪಂಚೆಯನ್ನೋ ನೈಟಿಯನ್ನೋ ತೊಡಿಸಿ ಮಲಗಿಸುವುದು ಚರ್ಮಕ್ಕೆ ಎಷ್ಟೋ ಹಿತ. ಮೊದಲಿನಿಂದಲೂ ಬಳಕೆಯಲ್ಲಿರುವ ರಬ್ಬರ್ ಶೀಟು ಹಾಸಿಗೆಯನ್ನು ಉಳಿಸುತ್ತದೆ, ರೋಗಿಯ ಬೆನ್ನನ್ನು ಬೇಯಿಸುತ್ತದೆ. ಹಾಕಲೇಬೇಕಿದ್ದರೆ ಅದರ ಮೇಲೆ ದಪ್ಪ ಹತ್ತಿ ಬಟ್ಟೆ ಮಡಚಿ ಹಾಸಬೇಕು. ಬಳಸಿದ ಡೈಪರನ್ನು ಕಮೋಡಿಗೆ ಹಾಕಬಾರದು, ವಾರ್ಡಿನ ಯಾವ ಬಣ್ಣದ ಬುಟ್ಟಿಗೆ ಎಂದು ಕೇಳಿ ಹಾಕಬೇಕು.

ಕಾಂಡೋಮ್ ಕ್ಯಾಥೆಟರ್

ಇದು ಗಂಡಸರಿಗೆ ಮಾತ್ರ. ಶಿಶ್ನದ ಮೇಲೆ ಕಾಂಡೋಮಿನಂತೆ ತೊಡಿಸಿ, ತುದಿಯ ಕೊಳವೆಯನ್ನು ಮೂತ್ರ ಸಂಗ್ರಹಿಸುವ ಚೀಲಕ್ಕೆ (ಯೂರೋಬ್ಯಾಗ್) ಜೋಡಿಸುವ ಈ ಸಾಧನ ದೇಹದ ಒಳಗೆ ಹೋಗುವುದಿಲ್ಲ. ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿದ್ದು, ಪಾಟ್ ಹಿಡಿಯಲು ಆಗದ, ಮರೆವು ಗೊಂದಲಗಳಿಲ್ಲದ ರೋಗಿಗೆ ಒಳನಳಿಕೆಗಿಂತ ಇದು ನಿಸ್ಸಂದೇಹವಾಗಿ ಮೇಲು. ಸೋಂಕೂ ಕಡಿಮೆ, ನೋವೂ ಕಡಿಮೆ. ಪಾರ್ಶ್ವವಾಯುವಾಗಿ ಬಲಗೈ ಸೋತವರಿಗೆ ರಾತ್ರಿಯ ಮಟ್ಟಿಗೆ ಇದನ್ನು ಹಾಕಿ ಹಗಲು ತೆಗೆಯುವ ಕ್ರಮವೂ ಒಳ್ಳೆಯದೇ.

ಅಳತೆ ತಪ್ಪಿದರೆ ಮಾತ್ರ ತೊಂದರೆ. ಸಡಿಲವಾದದ್ದು ಕಳಚುತ್ತದೆ, ಬಿಗಿಯಾದದ್ದು ರಕ್ತಸಂಚಾರವನ್ನು ತಡೆಯುತ್ತದೆ. ಕಳಚುತ್ತದೆಂದು ಬುಡಕ್ಕೆ ನೂಲನ್ನೋ ಸಾಮಾನ್ಯ ಪ್ಲಾಸ್ಟರನ್ನೋ ಸುತ್ತಿ ಬಿಗಿಯುವುದು ಅಪಾಯಕಾರಿ; ಕೆಲವೇ ಗಂಟೆಗಳಲ್ಲಿ ಊತ ಬಂದು ಚರ್ಮ ನೀಲಿಗಟ್ಟಬಹುದು. ತುದಿಯಲ್ಲಿ ಒಂದೆರಡು ಸೆಂ.ಮೀ. ಜಾಗ ಬಿಟ್ಟು ತೊಡಿಸಬೇಕು, ಕೂದಲನ್ನು ಕ್ಷೌರ ಮಾಡದೆ ಕತ್ತರಿಸಬೇಕು, ದಿನಕ್ಕೊಮ್ಮೆ ತೆಗೆದು ತೊಳೆದು ಒಣಗಿಸಿ ಹೊಸದನ್ನು ಹಾಕಬೇಕು. ಕಿತ್ತುಹಾಕುವ ರೋಗಿಗೆ ಇದು ಹೇಳಿಮಾಡಿಸಿದ್ದಲ್ಲ.

ಫೋಲಿ ನಳಿಕೆ

ಜನರು ಟ್ಯೂಬ್ ಎಂದು ಕರೆಯುವುದು ಇದನ್ನು. ಮೂತ್ರದ್ವಾರದ ಮೂಲಕ ಮೂತ್ರಕೋಶಕ್ಕೆ ಸೇರಿಸಿ, ಒಳಗಿನ ಬಲೂನಿಗೆ ಸಾಮಾನ್ಯವಾಗಿ 10 ಮಿ.ಲೀ.ಯಷ್ಟು ಶುದ್ಧ ನೀರು ತುಂಬಿ ನಿಲ್ಲಿಸಲಾಗುತ್ತದೆ. ಇದಕ್ಕೆ ಹೆಸರು ಕೊಟ್ಟ ಅಮೆರಿಕದ ಮೂತ್ರರೋಗ ತಜ್ಞ ಫ್ರೆಡರಿಕ್ ಫೋಲಿ ಬಲೂನಿನ ಉಪಾಯವನ್ನು ಬೆಳೆಸಿದ್ದು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ರಕ್ತಸ್ರಾವವನ್ನು ತಡೆಯುವುದಕ್ಕಾಗಿ. ಹಾಸಿಗೆಯನ್ನು ಒಣಗಿಸಿಡುವ ಕೆಲಸ ಅದಕ್ಕೆ ಆಮೇಲೆ ಬಂದು ಸೇರಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ನಳಿಕೆ ಯಾರಿಗೆ ಬೇಕು ಎಂಬುದನ್ನು ಸ್ಪಷ್ಟಪಡಿಸುತ್ತದೆ: ಮೂತ್ರ ಕಟ್ಟಿದವರಿಗೆ, ಗಂಟೆಗಂಟೆಯ ಮೂತ್ರದ ಅಳತೆ ಬೇಕಾದ ಗಂಭೀರ ರೋಗಿಗಳಿಗೆ, ಕೆಲವು ಶಸ್ತ್ರಚಿಕಿತ್ಸೆಗಳ ಸಮಯದಲ್ಲಿ, ಬೆನ್ನುಮೂಳೆ ಅಥವಾ ಸೊಂಟ ಮುರಿದು ಕದಲಿಸಲು ಆಗದವರಿಗೆ, ಬೆನ್ನಿನ ಕೆಳಗೆ ತೆರೆದ ಗಾಯವಿದ್ದು ಮೂತ್ರ ಸೋರುವವರಿಗೆ, ಕೊನೆಗಾಲದಲ್ಲಿ ನೆಮ್ಮದಿಗಾಗಿ ಬೇಕೆನ್ನುವವರಿಗೆ. ಮೂತ್ರ ಸೋರುತ್ತದೆ ಎಂಬುದೊಂದೇ ಕಾರಣಕ್ಕೆ ಶುಶ್ರೂಷೆಯ ಬದಲಾಗಿ ನಳಿಕೆ ಹಾಕಬಾರದು ಎಂಬುದನ್ನೂ ಅದು ಹೇಳುತ್ತದೆ.

ಕಾರಣ ಸರಳ. ನಳಿಕೆ ಇರುವ ಪ್ರತಿಯೊಂದು ದಿನ ಮೂತ್ರದಲ್ಲಿ ರೋಗಾಣುಗಳು ಸೇರಿಕೊಳ್ಳುವ ಸಂಭವ ಸುಮಾರು ಶೇ. 3ರಿಂದ 7ರಷ್ಟು ಏರುತ್ತದೆ. ತಿಂಗಳಾಗುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಸೇರಿರುತ್ತವೆ. ಮುನ್ನೆಚ್ಚರಿಕೆಯೆಂದು ಆಂಟಿಬಯೋಟಿಕ್ ಕೊಡುತ್ತಾ ಹೋದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಉಳಿಯುತ್ತವೆ ಅಷ್ಟೆ. ಗೊಂದಲದಲ್ಲಿರುವ ಹಿರಿಯರು ಬಲೂನು ತುಂಬಿರುವಾಗಲೇ ನಳಿಕೆಯನ್ನು ಎಳೆದುಕೊಂಡು ಮೂತ್ರನಾಳ ಹರಿದುಕೊಳ್ಳುವ ಪ್ರಸಂಗಗಳೂ ಅಪರೂಪವಲ್ಲ. ಚೀಲದೊಂದಿಗೆ ಓಡಾಡುವ ಮುಜುಗರಕ್ಕೆ ರೋಗಿ ಮಂಚ ಬಿಟ್ಟು ಇಳಿಯುವುದೇ ಇಲ್ಲ, ಕಟ್ಟಿಹಾಕದೆಯೇ ಕಟ್ಟಿಹಾಕಿದಂತಾಗುತ್ತದೆ.

ನಿಜವಾದ ಅಗತ್ಯದಿಂದ ಹಾಕಿದಲ್ಲಿ ಜೊತೆಗಿರುವವರು ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಚೀಲ ಯಾವಾಗಲೂ ಮೂತ್ರಕೋಶದ ಮಟ್ಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಎಕ್ಸ್‌ರೇಗೋ ಸ್ಕ್ಯಾನಿಗೋ ಸ್ಟ್ರೆಚರ್ ಮೇಲೆ ಸಾಗಿಸುವಾಗ ಸಹಾಯಕರು ಚೀಲವನ್ನೆತ್ತಿ ರೋಗಿಯ ಹೊಟ್ಟೆಯ ಮೇಲಿಡುವ ದೃಶ್ಯ ಲಿಫ್ಟಿನ ಮುಂದೆ ದಿನವೂ ಕಾಣಸಿಗುತ್ತದೆ. ಕೊಳವೆಯಲ್ಲಿದ್ದ ಹಳೆಯ ಮೂತ್ರ ಆಗ ಹಿಂದಕ್ಕೆ, ಮೂತ್ರಕೋಶಕ್ಕೆ ಹರಿಯುತ್ತದೆ. ಚೀಲವನ್ನು ಮೊದಲೇ ಖಾಲಿ ಮಾಡಿ, ಸ್ಟ್ರೆಚರಿನ ಬದಿಗೆ ತಗ್ಗಿನಲ್ಲಿ ತೂಗುಹಾಕಲು ಹೇಳಬೇಕು. ರೇಲಿಂಗ್‌ಗೆ ಸಿಕ್ಕಿಸಿದ್ದರೆ ರೇಲಿಂಗ್ ಏರಿಸಿ ಇಳಿಸುವಾಗ ಚೀಲವೂ ಏರಿಳಿಯುತ್ತದೆ, ಕೊಳವೆ ಜಗ್ಗುತ್ತದೆ. ಆದ್ದರಿಂದ ಕದಲದ ಮಂಚದ ಚೌಕಟ್ಟಿಗೇ ಸಿಕ್ಕಿಸುವುದು ಸರಿ. ಮೂರನೇ ಎರಡು ಭಾಗ ತುಂಬುವ ಮೊದಲೇ ಖಾಲಿ ಮಾಡಬೇಕು, ಆಗ ಕೆಳಗಿನ ನಲ್ಲಿ ಪಾತ್ರೆಗೆ ತಾಗಬಾರದು, ಮುಂಚೆ ಮತ್ತು ನಂತರ ಕೈ ತೊಳೆಯಬೇಕು. ಕೊಳವೆಯನ್ನು ತೊಡೆಗೆ ಪಟ್ಟಿಯಿಂದ ಭದ್ರಪಡಿಸಿದ್ದಾರೆಯೇ ಎಂದು ನೋಡಬೇಕು.

ನಳಿಕೆ ಇದ್ದೂ ಪಕ್ಕದಿಂದ ಮೂತ್ರ ಸೋರಿದರೆ ದಪ್ಪ ನಳಿಕೆ ಹಾಕಿಸುವುದು ಪರಿಹಾರವಲ್ಲ. ಕೊಳವೆ ಮಡಚಿದೆಯೇ, ಕಟ್ಟಿಕೊಂಡಿದೆಯೇ, ಮಲಬದ್ಧತೆ ಇದೆಯೇ, ಮೂತ್ರಕೋಶ ಸೆಡೆತಗೊಳ್ಳುತ್ತಿದೆಯೇ ಎಂಬುದನ್ನು ಈ ಅನುಕ್ರಮದಲ್ಲೇ ಪರಿಶೀಲಿಸಬೇಕು. ಚಳಿ ನಡುಕದ ಜ್ವರ, ರಕ್ತದ ಹೆಪ್ಪು, ಚೀಲಕ್ಕೆ ಮೂತ್ರವೇ ಇಳಿಯದಿರುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ತಿಳಿಸಬೇಕು. ಪ್ರತಿದಿನದ ರೌಂಡ್ಸ್ ವೇಳೆ ಕೇಳಲೇಬೇಕಾದ ಒಂದೇ ಪ್ರಶ್ನೆ: "ಡಾಕ್ಟ್ರೇ, ಇವತ್ತು ಟ್ಯೂಬ್ ತೆಗೆಯಬಹುದಾ?" ಯಾರೂ ಕೇಳದ ಕಾರಣಕ್ಕೇ ಎಷ್ಟೋ ನಳಿಕೆಗಳು ಎರಡು ಮೂರು ದಿನ ಹೆಚ್ಚಿಗೆ ಉಳಿದುಬಿಡುತ್ತವೆ. ತೆಗೆದ ಮೇಲೆ 6ರಿಂದ 8 ಗಂಟೆಗಳೊಳಗೆ ಮೂತ್ರ ಹೋಗಬೇಕು. ಮೊದಲ ಒಂದೆರಡು ದಿನ ಸ್ವಲ್ಪ ಉರಿ, ಅವಸರ, ಕೊಂಚ ಸೋರಿಕೆ ಇರುವುದುಂಟು. ಅದನ್ನು ಕಂಡು ಗಾಬರಿಯಿಂದ ಮತ್ತೆ ಹಾಕಿಸಬಾರದು.

ಮೂತ್ರ ಕಟ್ಟುವವರಿಗೆ ಇನ್ನೊಂದು ದಾರಿಯಿದೆ. 4ರಿಂದ 6 ಗಂಟೆಗೊಮ್ಮೆ ತೆಳುವಾದ ನಳಿಕೆ ಹಾಕಿ, ಖಾಲಿ ಮಾಡಿ, ಅಲ್ಲೇ ತೆಗೆದುಬಿಡುವ ಕ್ರಮ. ಸದಾ ಇರುವ ನಳಿಕೆಗಿಂತ ಇದರಲ್ಲಿ ಸೋಂಕು ಕಡಿಮೆ. ಬೆನ್ನುಹುರಿಯ ಗಾಯವಾದವರಿಗೆ, ಮಧುಮೇಹದಿಂದ ಮೂತ್ರಕೋಶದ ನರಗಳು ಸೋತವರಿಗೆ ಇದನ್ನು ವಾರ್ಡಿನಲ್ಲಿಯೇ ಕಲಿಸಿ ಕಳುಹಿಸುತ್ತಾರೆ. ಕಲಿಯುವ ಮನಸ್ಸೂ ಕೈಯ ಸ್ವಾಧೀನವೂ ಬೇಕು, ಅಥವಾ ಮನೆಯಲ್ಲಿ ಕಲಿಯುವವರೊಬ್ಬರು ಬೇಕು.

ಯಾರಿಗೆ ಯಾವುದು

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಗೆ ಶಸ್ತ್ರಚಿಕಿತ್ಸೆಯವರೆಗೆ ಫೋಲಿ ನಳಿಕೆ ನ್ಯಾಯವಾದದ್ದು. ಕದಲಿಸಿದಷ್ಟೂ ನೋವಿರುವಾಗ ಬೆಡ್‌ಪ್ಯಾನ್ ಹಿಂಸೆಯೇ ಸರಿ. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿ ಫಿಸಿಯೋಥೆರಪಿಯವರು ನಿಲ್ಲಿಸತೊಡಗಿದ ಕೂಡಲೇ ನಳಿಕೆ ತೆಗೆಸಿ, ಎತ್ತರದ ಕಮೋಡ್ ಕುರ್ಚಿಗೆ ಬದಲಾಯಿಸಬೇಕು. ನಡುವೆ ಡೈಪರಿನ ಮೊರೆಹೋದರೆ ಆ ನಿಲ್ಲುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಹೃದಯ ದುರ್ಬಲವಾಗಿ ಕಾಲು ಬಾತು ಬಂದವರಿಗೆ ಲೇಸಿಕ್ಸ್ ಇಂಜೆಕ್ಷನ್ ನಡೆಯುವಾಗ ಮೂತ್ರದ ಅಳತೆ ಬೇಕೆಂದು ನಳಿಕೆ ಹಾಕುವುದು ರೂಢಿ. ಐಸಿಯುವಿನಲ್ಲಿ ಅದು ಸರಿ. ವಾರ್ಡಿಗೆ ಬಂದ ಮೇಲೆ ಅಳತೆಯ ಗೆರೆಗಳಿರುವ ಪಾಟ್ ಮತ್ತು ದಿನವೂ ಬೆಳಿಗ್ಗೆ ತೂಕ, ಇವೆರಡರಿಂದಲೇ ವೈದ್ಯರಿಗೆ ಬೇಕಾದ ಲೆಕ್ಕ ಸಿಗುತ್ತದೆ. ಗಂಡಸರಾದರೆ ಪಾಟ್, ಹೆಂಗಸರಾದರೆ ಮಂಚದ ಪಕ್ಕದ ಕಮೋಡ್ ಕುರ್ಚಿಯೊಳಗಿನ ಪಾತ್ರೆ. ಗಂಡಸರಿಗಿರುವ ಕಾಂಡೋಮ್ ಕ್ಯಾಥೆಟರಿನಂತಹ ಸರಳ ಸಾಧನ ನಮ್ಮ ವಾರ್ಡುಗಳಲ್ಲಿ ಹೆಂಗಸರಿಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಅವರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವವರೊಬ್ಬರು ಜೊತೆಗಿರುವುದೇ ಮುಖ್ಯವಾಗುತ್ತದೆ.

ಪ್ರಾಸ್ಟೇಟ್ ದೊಡ್ಡದಾಗಿ ಹನಿಹನಿಯಾಗಿ ಸೋರುವ ಹಿರಿಯರಿಗೆ ಡೈಪರೂ ಬೇಡ, ಕಾಂಡೋಮ್ ಕ್ಯಾಥೆಟರೂ ಬೇಡ. ಮೊದಲು ಸ್ಕ್ಯಾನ್, ಮೂತ್ರ ಕಟ್ಟಿದ್ದರೆ ನಳಿಕೆ, ಮೂತ್ರದ ದಾರಿಯನ್ನು ಸಡಿಲಿಸುವ ಟ್ಯಾಮ್ಸುಲೋಸಿನ್‌ನಂತಹ ಮಾತ್ರೆ ಆರಂಭಿಸಿ ಕೆಲವು ದಿನಗಳ ಬಳಿಕ ತೆಗೆದು ನೋಡುವುದು, ಇದೇ ನಡೆದುಬಂದ ಹಾದಿ. ಮರೆವಿನ ಕಾಯಿಲೆಯಿದ್ದು ನ್ಯುಮೋನಿಯಾದಿಂದ ದಾಖಲಾದವರಿಗೆ ಮಾತ್ರ ಹಗಲು ಎರಡು ಗಂಟೆಗೊಮ್ಮೆ ಕಮೋಡ್ ಕುರ್ಚಿ, ರಾತ್ರಿ ಅಂಡರ್‌ಪ್ಯಾಡ್ ಅಥವಾ ಡೈಪರ್ ಎಂಬ ಬೆರಕೆಯ ಕ್ರಮ ಸರಿಹೊಂದುತ್ತದೆ. ಇವರಿಗೆ ಯಾವ ನಳಿಕೆಯೂ ಕೈಗೆ ಸಿಕ್ಕಿ ಎಳೆಯುವ ವಸ್ತುವಾಗುತ್ತದೆ.

ಡಿಸ್ಚಾರ್ಜ್ ದಿನ

ಮನೆಗೆ ಹೋಗುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಣಿಪಾಲದಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ, ಕೊಪ್ಪಗಳಿಗೆ, ಮಂಗಳೂರಿನಿಂದ ಸುಳ್ಯ, ಸುಬ್ರಹ್ಮಣ್ಯಗಳ ಕಡೆಗೆ ಮರಳುವವರಿಗೆ ನಡುವೆ ರೋಗಿಯನ್ನು ಇಳಿಸಬಹುದಾದ ಶೌಚಾಲಯ ಸಿಗುವುದು ಕಷ್ಟ. ಆ ಪ್ರಯಾಣಕ್ಕೆ ಪ್ಯಾಂಟ್ ಮಾದರಿಯ ಒಂದು ಡೈಪರ್ ತೊಡಿಸಿ, ಆ ಹೊತ್ತಿನ ಲೇಸಿಕ್ಸ್ ಮಾತ್ರೆಯನ್ನು ಮನೆ ತಲುಪಿದ ಮೇಲೆ ಕೊಡಬಹುದೇ ಎಂದು ಸಿಸ್ಟರ್ ಬಳಿ ಕೇಳಿಕೊಂಡು ಹೊರಡುವುದು ಒಳ್ಳೆಯದು. ಮನೆ ತಲುಪಿದ ಮೇಲೆ ಆ ಡೈಪರನ್ನು ತೆಗೆದುಬಿಡಬೇಕು.

ನಳಿಕೆಯೊಂದಿಗೇ ಕಳುಹಿಸುವುದಾದರೆ ಡಿಸ್ಚಾರ್ಜ್ ಸಮರಿಯಲ್ಲಿ ಮೂರು ವಿಷಯಗಳು ಬರಹದಲ್ಲಿರಬೇಕು: ಯಾಕೆ ಹಾಕಿದ್ದು, ಯಾವ ದಿನಾಂಕದಂದು ಹಾಕಿದ್ದು, ಯಾವಾಗ ಎಲ್ಲಿ ತೆಗೆಯುವುದು ಅಥವಾ ಬದಲಾಯಿಸುವುದು. ಸಾಮಾನ್ಯ ಲ್ಯಾಟೆಕ್ಸ್ ನಳಿಕೆ ಕಡಿಮೆ ಅವಧಿಯದ್ದು, ಪೂರ್ತಿ ಸಿಲಿಕೋನಿನದ್ದನ್ನು ಗರಿಷ್ಠ 12 ವಾರಗಳವರೆಗೆ ಇಡುವುದುಂಟು; ಹಾಕಿದ್ದು ಯಾವುದೆಂದು ಕೇಳಿ ಬರೆಸಿಕೊಳ್ಳಬೇಕು. ಚೀಲ ಖಾಲಿ ಮಾಡುವುದನ್ನು ಮನೆಯಲ್ಲಿ ನೋಡಿಕೊಳ್ಳುವವರ ಕೈಯಿಂದಲೇ, ಹೋಂ ನರ್ಸ್ ಆದರೆ ಅವರ ಕೈಯಿಂದಲೇ, ಸಿಸ್ಟರ್ ಎದುರು ಒಮ್ಮೆ ಮಾಡಿಸಬೇಕು. ತೆಗೆಯಲು ಬರುವ ದಿನ ಬೆಳಗ್ಗೆಯೇ ಒಪಿಡಿ ತಲುಪುವಂತೆ ಹೊರಡಬೇಕು, ಏಕೆಂದರೆ ತೆಗೆದ ಮೇಲೆ ಮೂತ್ರ ಹೋಗುತ್ತದೆಯೇ ಎಂದು ಸಂಜೆಯವರೆಗೆ ಅಲ್ಲೇ ಕಾಯಬೇಕಾಗುತ್ತದೆ. ಮಧ್ಯಾಹ್ನ ತೆಗೆಸಿಕೊಂಡು ಊರಿನ ಬಸ್ಸು ಹತ್ತಿದವರು ರಾತ್ರಿ ಮೂತ್ರ ಕಟ್ಟಿ ಅದೇ ದಾರಿಯಲ್ಲಿ ಅಂಬುಲೆನ್ಸಿನಲ್ಲಿ ಹಿಂದಿರುಗುವ ಪಾಡು ಬರಬಹುದು.